ಪರದೆಯ ಮೇಲೆ ಮೂರು ಕೈ

ಹೋದ ವರ್ಷ ಯುಗಾದಿ ಕಳೆದು ಎಂಟು ದಿನವಾಗಿತ್ತು. ತಿಪಟೂರಿನ ನಮ್ಮ ಟಿ.ವಿ. ರಿಪೇರಿ ಅಂಗಡಿಯಲ್ಲಿ ಬೆಸುಗೆಯ ಮೇಜು ನನ್ನದು. ಓದಿದ್ದು ನಾಲ್ಕನೇ ಕ್ಲಾಸು. ಮದುವೆಯಾಗಿ ಬಂದ ಮೇಲೆ ಯಜಮಾನರು ಕೈಗೆ ಬೆಸುಗೆ ಕಡ್ಡಿ ಕೊಟ್ಟರು. ಅವರು ಹೋದ ಮೇಲೂ ನಾನು ಅದನ್ನು ಕೆಳಗಿಟ್ಟಿಲ್ಲ. ಮೊಮ್ಮಕ್ಕಳು ಮೂವರಿದ್ದಾರೆ, ಸೊಸೆ “ಸಾಕು ಬುಡಿ ಅತ್ತೆ” ಅನ್ನುತ್ತಾಳೆ. ಮನೆಯಲ್ಲಿ ಕೂತರೆ ಅವಳಿಗೇ ಕಷ್ಟವೆಂದು ಅಂಗಡಿಗೆ ಬರುತ್ತೇನೆ. ಮೂವತ್ತೆಂಟು ವರ್ಷದಲ್ಲಿ ನಾನು ಕೆಡಿಸಿದ ಸಾಮಾನು ಬೇಕಾದಷ್ಟಿವೆ. ಇದೊಂದರಲ್ಲಿ ಕೆಟ್ಟದ್ದು ಒಬ್ಬ ಮನುಷ್ಯನ ಮಾತು.

ಚಿಕ್ಕನಾಯಕನಹಳ್ಳಿಯಿಂದ ಗಿರಿಜಾ ಎಂಬಾಕೆ ಬಸ್ಸಿನಲ್ಲಿ ಬಂದಳು. ಐವತ್ತರ ಆಚೀಚೆ ವಯಸ್ಸು, ಬಟ್ಟೆ ಹೊಲಿಯುವ ಕೆಲಸ. ತಂದದ್ದು ಟಿ.ವಿ.ಗೆ ಸಿಕ್ಕಿಸುವ ಹಳೆಯ ಹೋಮ್ ಕಂಪ್ಯೂಟರ್. ಕೀಬೋರ್ಡಿನ ಹೊಟ್ಟೆಯೊಳಗೇ ಇಡೀ ಯಂತ್ರ ಇರುವ ಜಾತಿ.

“ಪರದೆ ಕಪ್ಪಾಗೈತೆ ಕಣಮ್ಮ. ನಮ್ ತಮ್ಮ ಮೂರು ದಿನದಿಂದ ನೆಟ್ಟಗೆ ಉಂಡಿಲ್ಲ,” ಎಂದಳು.

“ಊಟಕ್ಕೂ ಇದಕ್ಕೂ ಏನೇ ಸಂಬಂಧ?”

“ಅವನು ಮಾತಾಡೋದೇ ಇದ್ರಲ್ಲಿ.”

ತಮ್ಮನ ಹೆಸರು ನಂಜುಂಡ, ನಲವತ್ತಾರು ವರ್ಷ. ಹುಟ್ಟಿನಿಂದ ಮಾತಿಲ್ಲ, ಬೆರಳುಗಳು ಸೊಟ್ಟ. ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುತ್ತಿದ್ದ ಅವರಪ್ಪ ಮಗನಿಗಾಗಿ ತಾವೇ ಒಂದು ಪ್ರೋಗ್ರಾಂ ಬರೆದು ಯಂತ್ರದೊಳಗೆ ಕೂರಿಸಿದ್ದರು. ಪರದೆಯ ತುಂಬ ಚಿತ್ರಗಳು: ನೀರು, ಅನ್ನ, ನೋವು, ನಿದ್ದೆ, ಹೀಗೆ ಇಪ್ಪತ್ತನಾಲ್ಕು. ಕೀ ಒತ್ತಿದರೆ ಒಂದು ಬಿಳಿಯ ಕೈ ಚಿತ್ರದಿಂದ ಚಿತ್ರಕ್ಕೆ ಸರಿಯುತ್ತದೆ. ಅದು ಎಲ್ಲಿ ನಿಂತಿತೋ ಅದೇ ನಂಜುಂಡನ ಮಾತು. ಅಪ್ಪ ಸತ್ತು ಹನ್ನೊಂದು ವರ್ಷವಾಗಿತ್ತು. ನಡುವೆ ಟ್ಯಾಬ್ ಕೊಟ್ಟು ನೋಡಿದ್ದರಂತೆ. ಅವನ ಬೆರಳಿಗೆ ನುಣ್ಣನೆಯ ಗಾಜು ಒಗ್ಗಲಿಲ್ಲ, ಎತ್ತಿ ಎಸೆದನಂತೆ.

ಯಂತ್ರದ ಜೊತೆ ಅಪ್ಪನ ನೋಟ್‌ಬುಕ್ಕೂ ಇತ್ತು. “ಇದ್ನ ನೋಡ್ಕಂಡು ಮಾಡಿ,” ಎಂದಳು ಗಿರಿಜಾ.

“ಪುಸ್ತಕ ನೋಡ್ಕಂಡು ಮಾಡೋಳಾಗಿದ್ರೆ ಮೇಷ್ಟ್ರಾಗಿರ್ತಿದ್ದೆ ಕಣೇ. ನಾಕು ದಿನ ಬುಟ್ಟು ಬಾ,” ಎಂದು ನೋಟ್‌ಬುಕ್ಕನ್ನು ಪಕ್ಕಕ್ಕೆ ಸರಿಸಿದೆ.

ಪರದೆಗೆ ಚಿತ್ರ ಕಳಿಸುವುದು ನಲವತ್ತು ಕಾಲಿನ ಒಂದು ವಿಡಿಯೊ ಚಿಪ್. ನಮ್ಮ ಅಂಗಡಿಯ ಪದ್ಧತಿ ಹೀಗೆ: ಎಂಜಲು ಹಚ್ಚಿದ ಬೆರಳನ್ನು ಚಿಪ್ಪಿನ ಬೆನ್ನಿಗೆ ಇಡುವುದು. ತಡೆಯಲಾರದಷ್ಟು ಸುಟ್ಟರೆ ಅದು ಸತ್ತಿದೆ. ಟಿ.ವಿ.ಗಳಲ್ಲಿ ಈ ಬೆರಳು ಸುಳ್ಳು ಹೇಳಿದ್ದು ಕಡಿಮೆ. ಇಲ್ಲಿ ಚುರ್ರೆಂದಿತು. ಸತ್ತ ಚಿಪ್ಪನ್ನು ಇಡಿಯಾಗಿ ಕೀಳಲು ಹೋದರೆ ಹಳೆಯ ಬೋರ್ಡಿನ ತಾಮ್ರದ ಗೆರೆಗಳು ಎದ್ದು ಬರುತ್ತವೆ. ಆದ್ದರಿಂದ ಕಾಲುಗಳನ್ನು ಬುಡಕ್ಕೇ ಕತ್ತರಿಸಿ, ಆಮೇಲೆ ಒಂದೊಂದಾಗಿ ಕೀಳುತ್ತೇವೆ. ನಲವತ್ತನ್ನೂ ಕತ್ತರಿಸಿದೆ.

ಬೆಂಗಳೂರಿನಲ್ಲಿ ಹಳೆಯ ಬಿಡಿಭಾಗ ಮಾರುವವನೊಬ್ಬ ಅದೇ ನಂಬರಿನ ಚಿಪ್ ಕೊರಿಯರ್‌ನಲ್ಲಿ ಕಳಿಸಿದ. ಕೂರಿಸಿದೆ. ಪರದೆ ಆಗಲೂ ಕಪ್ಪು. ಲೆನ್ಸ್ ಹಿಡಿದು ಹುಡುಕಿದೆ. ಪಕ್ಕದಲ್ಲಿ ಕ್ರಿಸ್ಟಲ್ ಅಂತ ಒಂದು ಚಿಕ್ಕ ತಗಡಿನ ಡಬ್ಬಿ ಇರುತ್ತದೆ, ಚಿಪ್ಪಿಗೆ ತಾಳ ಹಾಕುವುದು ಅದು. ಅದರ ಒಂದು ಕಾಲಿನ ಬೆಸುಗೆ ಕೂದಲೆಳೆಯಷ್ಟು ಬಿಟ್ಟಿತ್ತು. ಒಂದು ಚುಕ್ಕೆ ಸೀಸ ಹಾಕಿದೆ. ಚಿತ್ರ ಬಂತು. ಎಂದರೆ ಹಳೆಯ ಚಿಪ್ ಬದುಕಿತ್ತು. ಸುಡುವುದೇ ಆ ಜಾತಿಯ ಸ್ವಭಾವವೆಂದು ನನಗೆ ತಿಳಿದಿರಲಿಲ್ಲ.

ಆದರೂ ಚಿತ್ರ ಬಂತಲ್ಲ ಎಂದು ಸುಮ್ಮನಾದೆ. ಗಿರಿಜಾ ಬಂದಾಗ ಅವಳೆದುರಿಗೇ ಸ್ವಿಚ್ ಹಾಕಿದೆ. ನೀರಿನ ಮೇಲೆ ಕೈ ನಿಂತಿತ್ತು. ನಾಲ್ಕು ನಿಮಿಷವಾಗಿರಬಹುದು, ನೋವಿನ ಮೇಲೂ ಒಂದು ಕೈ ಮೂಡಿತು. ಆಮೇಲೆ ನಿದ್ದೆಯ ಮೇಲೂ. ಕೀ ಒತ್ತಿದರೆ ಮೂರೂ ಒಟ್ಟಿಗೆ ಸರಿಯುತ್ತಿದ್ದವು.

“ಇದ್ರಲ್ಲಿ ಯಾವುದಮ್ಮ ನಮ್ಮೋನ ಕೈ?” ಎಂದಳು.

ಆಗ ನೋಟ್‌ಬುಕ್ ತೆರೆದೆವು. ಆ ಮೇಷ್ಟ್ರು ಕನ್ನಡದಲ್ಲೇ, ನನಗೂ ತಿಳಿಯುವ ಹಾಗೆ ಬರೆದಿದ್ದರು. ಚಿಪ್ಪಿನೊಳಗೆ ರಿಜಿಸ್ಟರ್ ಎಂಬ ಎಂಟು ಗೂಡುಗಳಿವೆ. ಅವುಗಳಲ್ಲಿ ಇಟ್ಟ ಅಂಕಿಯಂತೆ ಪರದೆ ನಡೆಯುತ್ತದೆ. ಯಾವ ಅಂಕಿ ಇಡಬಹುದೆಂದು ತಯಾರಿಸಿದವರು ಪುಸ್ತಕದಲ್ಲಿ ಹೇಳಿರುತ್ತಾರೆ. ಅದರಲ್ಲಿ ಇಲ್ಲದ್ದನ್ನು ಇಟ್ಟರೆ ಏನಾಗುತ್ತದೆಂದು ಇಟ್ಟವನೇ ನೋಡಿ ತಿಳಿಯಬೇಕು. ಕೊನೆಯ ಪುಟದಲ್ಲಿ ಹೀಗಿತ್ತು:

“ನಾಲ್ಕನೇ ರಿಜಿಸ್ಟರಿಗೆ ಪುಸ್ತಕದಲ್ಲಿಲ್ಲದ ಅಂಕಿ ಹಾಕಿದ್ದೇನೆ. ಇಲ್ಲವಾದರೆ ಎಲ್ಲ ಚಿತ್ರಗಳಿಗೆ ಮೆಮೊರಿ ಸಾಲದು. ಆದರೆ ಚಿಪ್ ಕಾದ ಮೇಲೆ ಕೈ ಮೂರಾಗುತ್ತದೆ. ನಾಲ್ಕು ಚಿಪ್ ಹಾಕಿ ನೋಡಿದೆ. ಇದೊಂದರಲ್ಲಿ ಹಾಗಾಗುವುದಿಲ್ಲ. ಕಾರಣ ತಿಳಿಯದು. ಇದನ್ನು ತೆಗೆಯಕೂಡದು.”

ಕೊನೆಯ ಮಾತಿನ ಕೆಳಗೆ ಎರಡು ಗೆರೆ ಎಳೆದಿದ್ದರು.

ಗಿರಿಜಾ ಮೇಜಿನ ಮೇಲಿದ್ದ ಕಾಲಿಲ್ಲದ ಚಿಪ್ಪನ್ನು ಕೈಗೆತ್ತಿಕೊಂಡಳು. “ಕೊಬ್ಬರಿಕಾಯಿನಾದ್ರೂ ಕಿವಿ ತಾವ ಹಿಡ್ದು ಅಲ್ಲಾಡ್ಸಿ, ಒಳಗೆ ಸದ್ದು ಬಂದ್ರೆ ಒಡೀತೀವಿ ಕಣಮ್ಮ. ನೀವು ಇದ್ನ ಅಲ್ಲಾಡ್ಸಿನೂ ನೋಡ್ದೆ ಒಡೆದ್‌ಬುಟ್ರಲ್ಲ.”

ಚಿಪ್ಪನ್ನು ಅವಳ ಕೈಯಿಂದ ಇಸಿದುಕೊಂಡೆ.

ಸುಮ್ಮನೆ ಕೂರಲು ಆಗಲಿಲ್ಲ. ಅರದಿಂದ ಹಳೆಯ ಚಿಪ್ಪಿನ ಅಂಚು ಉಜ್ಜಿ, ಒಳಗಿನ ಲೋಹ ಕಂಡಲ್ಲಿ ತಂತಿ ಬೆಸೆಯತೊಡಗಿದೆ. ಹದಿನೇಳನೆಯ ತಂತಿಗೆ ಅದು ಬಿಸ್ಕತ್ತಿನ ಹಾಗೆ ಎರಡಾಯಿತು. ಬೆಂಗಳೂರಿನ ವ್ಯಾಪಾರಿಗೆ ಫೋನ್ ಮಾಡಿದೆ.

“ಅಮ್ಮಾ, ಇದು ತಯಾರಿಸಿದವರ ಡೇಟಾಶೀಟ್‌ನಲ್ಲೇ ಇಲ್ಲದ ಗುಣ,” ಎಂದ. “ನಂಬರ್ ಒಂದೇ ಆದ್ರೂ ಒಂದೊಂದು ಒಂದೊಂಥರಾ ಇರುತ್ತೆ. ನಾನು ಏನಂತ ಆರಿಸಿ ಕಳಿಸ್ಲಿ ಹೇಳಿ?”

ಆದರೂ ಎರಡು ಕಳಿಸಿದ. ಒಂದು ಬೇರೆಯದೇ ಚಿಪ್, ಯಾರೋ ಬೆನ್ನು ಉಜ್ಜಿ ನಮ್ಮ ಚಿಪ್ಪಿನ ನಂಬರ್ ಅಚ್ಚು ಹಾಕಿದ್ದರು. ಇನ್ನೊಂದರಲ್ಲಿ ಮೂರೇ ನಿಮಿಷಕ್ಕೆ ಮೂರು ಕೈ. ಪ್ರೋಗ್ರಾಂ ತಿದ್ದಲಾಗದೇ ಎಂದು ಕೇಳಿದೆ. ಬಲ್ಲವರು ಎಲ್ಲಾದರೂ ಇರಬಹುದು, ತನಗೆ ಗೊತ್ತಿಲ್ಲ ಎಂದ. ನನಗೂ ಇದುವರೆಗೆ ಸಿಕ್ಕಿಲ್ಲ. ಕಡೆಗೆ ಬೆಂಗಳೂರಿನಿಂದ ಮೊದಲು ಬಂದ ಚಿಪ್ಪಿಗೇ ಶಾಖ ಹೀರುವ ಅಲ್ಯೂಮಿನಿಯಂ ಹೀಟ್ ಸಿಂಕ್ ಅಂಟಿಸಿ, ಗಾಳಿಗೆಂದು ಒಂದು ಪುಟ್ಟ ಫ್ಯಾನ್ ಕೂರಿಸಿದೆ. ನಾಲ್ಕು ನಿಮಿಷ ಹತ್ತಾಯಿತು. ಹನ್ನೊಂದಾಗಲಿಲ್ಲ.

ಅದನ್ನು ನಾನೇ ಹಿಡಿದುಕೊಂಡು ಅವರ ಮನೆಗೆ ಹೋದೆ. ನಂಜುಂಡ ಸೊಟ್ಟ ಬೆರಳಲ್ಲಿ ಕೀ ಒತ್ತಿದ. ಅನ್ನ ಕೇಳಿದ, ಉಂಡ. ಫ್ಯಾನನ್ನು ಮೂಸಿ ನೋಡಿದ. ಅಷ್ಟರಲ್ಲಿ ಮೂರು ಕೈ ಬಂದವು. ಎಡಗಡೆಯದನ್ನು ನೋಡಿದ, ಬಲಗಡೆಯದನ್ನು ನೋಡಿದ, ಕೀಬೋರ್ಡನ್ನು ಗುದ್ದತೊಡಗಿದ. ಗಿರಿಜಾ ಸ್ವಿಚ್ ಆರಿಸಿದಳು. ಯಂತ್ರ ತಣ್ಣಗಾಗಲು ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆ ಅವನು ನನ್ನನ್ನೇ ನೋಡುತ್ತ ಕೂತಿದ್ದ.

ಯಾವ ಭಾಗ ಸತ್ತಿದೆಯೆಂದು ನನ್ನ ಬೆರಳಿಗೆ ಗೊತ್ತು ಎಂದೇ ಅಷ್ಟು ವರ್ಷ ನಂಬಿದ್ದೆ. ಯಂತ್ರದ ಜೊತೆ ಬದುಕಿದವರು ಬರೆದಿಟ್ಟದ್ದನ್ನು ಮೊದಲು ಓದಬೇಕು, ಕತ್ತರಿ ಆಮೇಲೆ ಹಿಡಿಯಬೇಕು. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ, ಅದೂ ತಡವಾಗಿ. ಈಗ ಹಾಗೇ ಮಾಡುತ್ತೇನೆ. ಅದರಿಂದ ನಂಜುಂಡನಿಗೆ ಏನೂ ಆಗಬೇಕಾದ್ದಿಲ್ಲ.

ಮತ್ತೆ ಸ್ವಿಚ್ ಹಾಕಿದರು.

“ಇವ್ರೇ ಕಣ್ಲಾ, ರಿಪೇರಿ ಮಾಡ್ದೋರು. ಏನಾರ ಹೇಳು,” ಎಂದಳು ಅಕ್ಕ.

ಅವನು ನಿಧಾನಕ್ಕೆ, ಒಂದೊಂದೇ ಕೀ ಒತ್ತಿ, ಕೈಯನ್ನು ಕೆಳಸಾಲಿನ ಮೂಲೆಗೆ ಒಯ್ದ. ಅಲ್ಲಿ ಬಾಗಿಲಿನ ಚಿತ್ರವಿತ್ತು.

“ಬೇಜಾರು ಮಾಡ್ಕಬೇಡಿ ಅಮ್ಮ, ಹೊರಗೆ ಹೋಗಿ ಅಂತಾವನೆ,” ಎಂದಳು ಗಿರಿಜಾ.

ಬೇಜಾರೇನು, ಸರಿಯಾಗೇ ಹೇಳಿದ್ದ. ಆ ಮಾತು ಮೂರಾಗುವ ಮೊದಲೇ ಎದ್ದು ಚಪ್ಪಲಿ ಮೆಟ್ಟಿದೆ.