ಕತ್ತರಿ ದಿನ

ನಾನು ಮೂವತ್ತೊಂದು ವರ್ಷ ಟೈಪಿಸ್ಟ್ ಆಗಿದ್ದದ್ದು ಕಾರ್ಮಿಕ ಕಲ್ಯಾಣ ಕಚೇರಿಯಲ್ಲಿ. ಹಾಗೆಂದು ಹೇಳಿಕೊಳ್ಳಲು ಈಗ ಹೇಸಿಗೆಯಾಗುತ್ತದೆ. ಊರಿನ ಕಾರ್ಖಾನೆಗಳಲ್ಲಿ, ಅಂಗಡಿಗಳಲ್ಲಿ ನಡೆದ ಅನ್ಯಾಯಗಳನ್ನೆಲ್ಲ ಮೂರು ಮೂರು ಪ್ರತಿಯಲ್ಲಿ ಕುಟ್ಟಿದವನು ನಾನು. ನಮ್ಮ ಕಚೇರಿಯ ಒಳಗೇ ಇದ್ದ ಅನ್ಯಾಯವನ್ನೂ ಕುಟ್ಟಿದೆ. ಅದೂ ಮೂರು ಪ್ರತಿ.

ಆ ಅನ್ಯಾಯ ದಿನಾ ಬೆಳಿಗ್ಗೆ ಏಳಕ್ಕೆ ಬಂದು ಕಚೇರಿಯ ಬೀಗ ತೆಗೆಯುತ್ತಿತ್ತು. ಕಸ ಗುಡಿಸುವ ಹೆಂಗಸು. ಸೊಂಟಕ್ಕೆ ಕೀಲಿಗೊಂಚಲು ಸಿಕ್ಕಿಸಿಕೊಂಡೇ ಓಡಾಡುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಕೀಲಿಯಕ್ಕ. ಹನ್ನೊಂದು ಕೋಣೆ, ಒಂದು ಸಭಾಂಗಣ, ನಾಲ್ಕು ಕಕ್ಕಸು, ಇಷ್ಟಕ್ಕೂ ಅವಳೊಬ್ಬಳೇ. ನಾನು ಬರುವಷ್ಟರಲ್ಲಿ ನನ್ನ ಮೇಜಿನ ಮೇಲೆ ಒಂದು ಲೋಟ ನೀರು, ಅದರ ಮೇಲೆ ಮುಚ್ಚಳ. ಮೊದಲ ವಾರವೇ, "ಸಾರ್ ಗೀರ್ ಅನ್ನಬೇಡಕ್ಕ, ಅಣ್ಣ ಅಂದ್ರೆ ಸಾಕು" ಅಂದಿದ್ದೆ. ಆಗ ನಾನು ಒಳ್ಳೆಯವನು ಎಂದು ನನಗೇ ಭ್ರಮೆ ಇತ್ತು.

ಬಿಡುವಿಲ್ಲದೆ ತೊಂಬತ್ತು ದಿನ ದುಡಿದವರು ಕೆಲಸ ಕಾಯಂ ಮಾಡಿ ಎಂದು ಕೇಳಬಹುದು ಎಂಬುದು ನಿಯಮ. ಅದಕ್ಕೇ ಎಂಬತ್ತೊಂಬತ್ತನೇ ದಿನ ಅವಳ ಕೈಗೆ ಒಂದು ಕಾಗದ: 'ನಿಮ್ಮ ಸೇವೆ ಇಂದಿಗೆ ಮುಗಿದಿದೆ.' ತೊಂಬತ್ತೊಂದನೇ ದಿನ ಇನ್ನೊಂದು ಕಾಗದ: 'ನಿಮ್ಮನ್ನು ಹೊಸದಾಗಿ ನೇಮಿಸಿದೆ.' ನಡುವಿನ ದಿನಕ್ಕೆ ಕಚೇರಿಯಲ್ಲಿ ಎಲ್ಲರೂ 'ಕತ್ತರಿ ದಿನ' ಎನ್ನುತ್ತಿದ್ದೆವು. ಅಂದು ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಖಾಲಿ. ಹಾಗಂತ ಅವಳು ಬರದಿದ್ದರೆ ಕಕ್ಕಸು ತೊಳೆಯುವವರು ಯಾರು? ನಮ್ಮ ಮ್ಯಾನೇಜರ್‌ಗೆ ಮೂಗು ಬಲು ಸೂಕ್ಷ್ಮ. "ಬಂದು ಹೋಗಮ್ಮ, ಸಹಿ ಮಾತ್ರ ಬೇಡ" ಎನ್ನುತ್ತಿದ್ದರು. ಅವಳು ಬರುತ್ತಿದ್ದಳು, ತೊಳೆಯುತ್ತಿದ್ದಳು, ಹೋಗುತ್ತಿದ್ದಳು. ಕೂಲಿ ಇಲ್ಲ. ಹತ್ತೊಂಬತ್ತು ವರ್ಷ ಈ ನಾಟಕ ನಡೆಯಿತು. ಎರಡೂ ಕಾಗದ ಟೈಪ್ ಮಾಡುತ್ತಿದ್ದವನು, ಎಡಮೂಲೆಯಲ್ಲಿ ಚಿಕ್ಕ ಸಹಿ ಹಾಕುತ್ತಿದ್ದವನು ನಾನು.

ನಾವು ಯಾರೂ ಯೋಚಿಸದ ಒಂದು ಪುಸ್ತಕವಿತ್ತು. ರಾತ್ರಿ ಪಾಳಿಯ ಕಾವಲುಗಾರ ಬೆಳಿಗ್ಗೆ ಕೀಲಿ ಒಪ್ಪಿಸುವಾಗ ತಾರೀಖು ಬರೆದು, ತೆಗೆದುಕೊಂಡವರಿಂದ ಗುರುತು ಹಾಕಿಸಿಕೊಳ್ಳುವ ಬೀಗದ ಪುಸ್ತಕ. ಕೀಲಿಯಕ್ಕನಿಗೆ ಓದು ಬರಹ ಇಲ್ಲ. ಸ್ಟಾಂಪ್ ಪ್ಯಾಡಿನ ನೀಲಿ ಶಾಯಿಗೆ ಹೆಬ್ಬೆರಳು ಅದ್ದಿ ಒತ್ತುತ್ತಿದ್ದಳು. ಕತ್ತರಿ ದಿನವೂ ಬೀಗ ತಾನಾಗಿ ತೆರೆಯುವುದಿಲ್ಲವಲ್ಲ, ಅಂದೂ ಒತ್ತುತ್ತಿದ್ದಳು. ವರ್ಷಕ್ಕೊಂದು ಪುಸ್ತಕ. ತುಂಬಿದ್ದೆಲ್ಲ ಉಗ್ರಾಣದ ಮೂಲೆಗೆ.

ಹೀಗಿರುವಾಗ ನಮ್ಮ ಸಭಾಂಗಣದಲ್ಲಿ ದೊಡ್ಡ ವಿಚಾರ ಸಂಕಿರಣ ಗೊತ್ತಾಯಿತು. 'ಅಸಂಘಟಿತ ಕಾರ್ಮಿಕರ ಭದ್ರತೆ' ಎಂದು ಗೋಡೆಯ ಉದ್ದಕ್ಕೂ ಬ್ಯಾನರ್. ಇಪ್ಪತ್ತನಾಲ್ಕು ಕಿಟಕಿ ಗಾಜು ಫಳಫಳ ಅನ್ನಬೇಕು ಎಂದು ಮ್ಯಾನೇಜರ್ ಆಜ್ಞೆ. ಗಾಜಿಗೆ ಒದ್ದೆ ಕಾಗದದಷ್ಟು ಒಳ್ಳೆಯದು ಯಾವುದೂ ಇಲ್ಲ ಎಂಬುದು ಕೀಲಿಯಕ್ಕನ ಲೆಕ್ಕ. ಹಳೆಯ ಪತ್ರಿಕೆಗಳು ಆರನೇ ಕಿಟಕಿಗೇ ಮುಗಿದವು.

"ಅಣ್ಣ, ಹಳೇ ಕಾಗದ ಏನಾದ್ರೂ ಇದ್ಯಾ?"

ಉಗ್ರಾಣಕ್ಕೆ ಹೋಗಿ ಮೂಲೆಯಲ್ಲಿದ್ದ ಕಟ್ಟುಗಳನ್ನೆಲ್ಲ ತಂದುಕೊಟ್ಟೆ. ಮೇಲೆ ಏನು ಬರೆದಿದೆ ಎಂದೂ ನೋಡಲಿಲ್ಲ. ಅವಳು ಹಾಳೆ ಹರಿದು, ನೀರಿಗದ್ದಿ ಉಜ್ಜಿದಳು. "ಇದರಲ್ಲಿ ನೀಲಿ ಬಣ್ಣ ಬಿಡ್ತಿದೆ ಕಣಣ್ಣ" ಅಂದಳು. ನಿಜ, ಗಾಜಿನ ತುಂಬ ನೀಲಿ ಗೆರೆ. ಅದನ್ನೂ ಒಣಬಟ್ಟೆಯಿಂದ ಒರೆಸಿ ತೆಗೆದಳು. ಹಿಂಡಿದ ಕಾಗದದ ಮುದ್ದೆಯೆಲ್ಲ ಕಸದ ಬಂಡಿಗೆ ಹೋಯಿತು.

ಮರುದಿನ ಅದೇ ಗಾಜುಗಳ ನಡುವೆ ನಿಂತು ದೊಡ್ಡ ಅಧಿಕಾರಿ ಹೊಸ ಆದೇಶ ಓದಿದರು: ಸರ್ಕಾರಿ ಕಚೇರಿಗಳಲ್ಲಿ ಹತ್ತು ವರ್ಷ ಎಡೆಬಿಡದೆ ದುಡಿದ ದಿನಗೂಲಿಯವರನ್ನು ಕಾಯಂ ಮಾಡಲಾಗುವುದು, ದಾಖಲೆ ಇರಬೇಕು. ಜೋರು ಚಪ್ಪಾಳೆ. ನಾನೂ ತಟ್ಟಿದೆ. ತಟ್ಟುತ್ತಲೇ ಬೀಗದ ಪುಸ್ತಕ ನೆನಪಾಯಿತು, ಹಿಂದೆಯೇ ನೀಲಿ ಗೆರೆ. ಕೈ ಅಲ್ಲೇ ನಿಂತಿತು.

ಕೀಲಿಯಕ್ಕನಿಗೆ ಐವತ್ತೆಂಟು ದಾಟಿತ್ತು. ಅರವತ್ತಕ್ಕೆ ಬರಿಗೈಯಲ್ಲಿ ಮನೆಗೆ. ಮನೆ ಎಂದರೆ ಬಾಡಿಗೆಯ ಒಂದು ಕೋಣೆ. ಇರುವವಳು ಒಬ್ಬಳೇ ಮಗಳು. ಅಳಿಯ ಮುಖಕ್ಕೆ ಹೊಡೆದಂತೆ ಹೇಳಿದ್ದ: "ಸಂಬಳ ನಿಂತ್ಮೇಲೆ ಇಲ್ಲಿಗೆ ಗಂಟುಮೂಟೆ ತರಬೇಡಿ ಅತ್ತೆ." ಕಾಯಂ ಆದರೆ ಪೆನ್ಷನ್. "ಅವನ ಬಾಗಿಲಲ್ಲಿ ತಟ್ಟೆ ಹಿಡಿದು ನಿಲ್ಲೋದು ತಪ್ಪಿದ್ರೆ ಸಾಕಣ್ಣ" ಎಂದು ಅರ್ಜಿ ಬರೆಸಿದಳು. ಬರೆದುಕೊಟ್ಟವನೂ ನಾನೇ. ಒರೆಸಿದ್ದು ಯಾವ ಕಾಗದ ಎಂದು ಹೇಳಿದೆ. ಅವಳು ತನ್ನ ಹೆಬ್ಬೆರಳನ್ನೇ ಸ್ವಲ್ಪ ಹೊತ್ತು ನೋಡಿದಳು. "ನೀವೇನು ಬೇಕೂಂತ ಕೊಟ್ರಾ, ಬಿಡಿ" ಅಂದಳು. ಬೈದಿದ್ದರೆ ಚೆನ್ನಾಗಿತ್ತು.

ವಿಚಾರಣೆಗೆ ಹೊರಗಿನಿಂದ ಒಬ್ಬ ಮಹಿಳಾ ಅಧಿಕಾರಿ ಬರುವವರಿದ್ದರು. ಹಿಂದಿನ ಸಂಜೆ ಮ್ಯಾನೇಜರ್ ನನ್ನ ಮೇಜಿಗೆ ಬಂದರು. ಎಂದೂ ಬಾರದವರು ಬಂದು, ಕನ್ನಡಕ ಒರೆಸುತ್ತ, "ಆ ಕಾಗದಗಳ ಎಡಮೂಲೆಯಲ್ಲಿ ಯಾರ ಸಹಿ ಇದೆ ಗೊತ್ತಲ್ಲ? ನಿಮಗೆ ಪೆನ್ಷನ್‌ಗೆ ಇನ್ನು ಎರಡು ವರ್ಷ ಅಲ್ವಾ?" ಎಂದರು. ಅಷ್ಟೇ. ಆ ಮನುಷ್ಯನ ಕನ್ನಡಕ, ಆ ಬಿಳಿ ಕರವಸ್ತ್ರ, ನಯವಾದ ದನಿ, ಇಂದಿಗೂ ಮರೆತಿಲ್ಲ.

ಅಧಿಕಾರಿ ಒಳ್ಳೆಯವರು. ಉಳಿದಿದ್ದ ಒಂದೇ ಒಂದು, ಆ ವರ್ಷದ ಬೀಗದ ಪುಸ್ತಕವನ್ನು ಹಾಜರಿ ಪುಸ್ತಕದ ಪಕ್ಕ ಇಟ್ಟು ಬೆರಳಾಡಿಸಿದರು. ಮೂರು ಕತ್ತರಿ ದಿನ, ಮೂರು ಹೆಬ್ಬೆಟ್ಟು.

"ಇದು ಒಂದು ವರ್ಷದ್ದಾಯ್ತು. ಹಿಂದಿನ ವರ್ಷಗಳಲ್ಲೂ ಹೀಗೇ ಬರ್ತಿದ್ರು ಅಂತ ಇಲ್ಲಿನ ಕಾಯಂ ನೌಕರರೊಬ್ಬರು ಬರೆದುಕೊಟ್ರೆ ಸಾಕು, ನಾನು ಶಿಫಾರಸು ಮಾಡ್ತೀನಿ" ಎಂದು ನನ್ನ ಕಡೆ ತಿರುಗಿದರು. "ನೀವು ಇಲ್ಲಿ ಹಳಬರಂತೆ. ಬರ್ತಿದ್ರಾ?"

ಕಾವಲುಗಾರರನ್ನು ಕೇಳುವಂತಿರಲಿಲ್ಲ. ಗುತ್ತಿಗೆಯ ಜನ, ವರ್ಷಕ್ಕೊಬ್ಬರು ಬದಲಾಗುತ್ತಿದ್ದರು. ಗುಮಾಸ್ತರೂ ವರ್ಗವಾಗಿ ಬಂದು ಹೋಗುವವರೇ. ಮ್ಯಾನೇಜರ್ ಬಿಟ್ಟರೆ ಉಳಿದವನು ನಾನೊಬ್ಬ. ಬಾಗಿಲ ಬಳಿ ಮ್ಯಾನೇಜರ್ ನಿಂತಿದ್ದರು. ಗೋಡೆಗೆ ಒರಗಿ ಕೀಲಿಯಕ್ಕ. ಅವಳ ಮುಖದಲ್ಲಿ ಆತಂಕವೇ ಇರಲಿಲ್ಲ. ಅಣ್ಣ ಹೇಳುತ್ತಾನೆ ಎಂಬ ಧೈರ್ಯ.

"ದಾಖಲೆ ನೋಡಿ ಹೇಳಬೇಕು ಮೇಡಂ" ಎಂದೆ.

ದಾಖಲೆ ಇಲ್ಲವೆಂದು ನನ್ನಷ್ಟು ಚೆನ್ನಾಗಿ ಬಲ್ಲವನು ಇನ್ನೊಬ್ಬನಿರಲಿಲ್ಲ. ಸುಳ್ಳನ್ನು ನೇರವಾಗಿ ಹೇಳುವವನಿಗೂ ಒಂದು ಗಂಡೆದೆ ಬೇಕು. ನನಗೆ ಅದೂ ಇರಲಿಲ್ಲ. ಅಧಿಕಾರಿ ನನ್ನನ್ನೇ ದಿಟ್ಟಿಸಿದರು, ಆಮೇಲೆ ಪೆನ್ನಿನ ಮುಚ್ಚಳ ಹಾಕಿದರು. ಅರ್ಜಿ ಅಲ್ಲೇ ವಜಾ ಆಯಿತು. ಮ್ಯಾನೇಜರ್ ನನಗೆ ಚಹಾ ತರಿಸಿದರು. ಕುಡಿದೆ ಕೂಡ.

ಮರುದಿನ ಬಂದಾಗ ಕಚೇರಿ ಎಂದಿನಂತೆ ಗುಡಿಸಿತ್ತು. ಮೇಜಿನ ಮೇಲೆ ನೀರಿನ ಲೋಟ, ಅದರ ಮೇಲೆ ಮುಚ್ಚಳ. ಅವಳು ಪೊರಕೆ ಗೋಡೆಗೆ ಒರಗಿಸಿ, ಸೆರಗಿಗೆ ಕೈ ಒರೆಸಿಕೊಂಡು ಬಂದು ಎದುರು ನಿಂತಳು. ಅಂದು ಎಂಬತ್ತೊಂಬತ್ತನೇ ದಿನ. ನನಗಿಂತ ಅವಳಿಗೇ ಅದರ ಲೆಕ್ಕ ಪಕ್ಕಾ.

"ಕತ್ತರಿ ಕಾಗದ ರೆಡಿ ಇದ್ರೆ ಕೊಟ್ಬಿಡಿ ಸಾರ್. ಹೆಬ್ಬೆಟ್ಟು ಒತ್ತಿ ಕಕ್ಕಸು ತೊಳೆಯೋಕೆ ಹೋಗ್ತೀನಿ."

ಕಾಗದ ರೆಡಿ ಇತ್ತು. ಹಿಂದಿನ ಸಂಜೆಯೇ ಟೈಪ್ ಮಾಡಿಟ್ಟಿದ್ದೆ, ಮೂರು ಪ್ರತಿ.