ಮಂಗನಿಗೆ ಹೂ ಇಟ್ಟವಳು

ಮಕ್ಕಳನ್ನು ಕೋಣೆಯಲ್ಲಿ ಕೂರಿಸಿ ಚಿತ್ರ ಕಲಿಸುವವರನ್ನು ಕಂಡರೆ ನನಗೆ ಆಗುವುದಿಲ್ಲ. ಸಿದ್ದಾಪುರದ ಹತ್ತಿರದ ನಮ್ಮ ಊರಿನ ಐದಾರು ಮಕ್ಕಳನ್ನು ಭಾನುವಾರ ಬೆಳಿಗ್ಗೆ ಬೆಟ್ಟಕ್ಕೇ ಕರೆದೊಯ್ಯುತ್ತಿದ್ದೆ. ಉದುರಿದ ಎಲೆ, ಕಾಯಿ, ತೊಗಟೆ ಹೆಕ್ಕಿ ನೆಲದ ಮೇಲೆ ಜೋಡಿಸಿ ನವಿಲು, ಬಸ್ಸು, ಅಜ್ಜನ ಮುಖ ಮಾಡುವುದು ನಮ್ಮ ಆಟ. ಎಲ್ಲರಿಗಿಂತ ಚಿಕ್ಕವಳು ನನ್ನ ತಮ್ಮನ ಮಗಳು. ಇನ್ನೂ ಅಂಗನವಾಡಿಗೆ ಹೋಗುವವಳು. ಮಾತು ಜಾಸ್ತಿ, ಹೆದರಿಕೆ ಕಡಿಮೆ.

ಆ ಬೇಸಿಗೆ ದೂರದ ಹಳ್ಳಿಯೊಂದರಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಿತ್ತು. ಸತ್ತ ಮಂಗನ ಮೈಯಿಂದ ಇಳಿಯುವ ಉಣುಗು, ಅಂದರೆ ಉಣ್ಣೆಹುಳ, ಕಚ್ಚಿದರೆ ಜ್ವರ ಬರುತ್ತದೆ, ಕೆಲವರು ಉಳಿಯುವುದಿಲ್ಲ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಆಶಾ ಕಾರ್ಯಕರ್ತೆ ಕೊಟ್ಟ ಎಣ್ಣೆಯನ್ನು ಮಕ್ಕಳ ಕೈಕಾಲಿಗೆ ಹಚ್ಚಿಯೇ ಹೊರಡುತ್ತಿದ್ದೆವು. ನಮ್ಮ ಬೆಟ್ಟದಲ್ಲಂತೂ ಒಂದು ಮಂಗವೂ ಸತ್ತಿರಲಿಲ್ಲ.

ಅವತ್ತು ಮಾತ್ರ ಬೆಟ್ಟದಲ್ಲಿ ಸದ್ದೇ ಇರಲಿಲ್ಲ. ಪ್ರತಿ ಸಲ ನಮ್ಮ ಮೇಲೆ ಕಾಯಿ ಉದುರಿಸಿ ರಂಪ ಮಾಡುವ ಮಂಗಗಳ ಸುಳಿವಿಲ್ಲ. ಯಾಕೋ ಕಸಿವಿಸಿಯಾಯಿತು. ಬೇಗ ಮುಗಿಸಿ, ಹೋಗೋಣ ಎಂದು ಮಕ್ಕಳನ್ನು ಗದರಿಸಿದೆ. ಅಷ್ಟರಲ್ಲಿ ದೊಡ್ಡ ಮತ್ತಿಮರದ ಹಿಂದಿನಿಂದ ತಮ್ಮನ ಮಗಳು ಕರೆದಳು, ತನ್ನದು ಮುಗಿಯಿತಂತೆ.

ಮರದ ಬುಡದಲ್ಲಿ ಮಂಗ ಅಂಗಾತ ಬಿದ್ದಿತ್ತು. ಎದೆಯ ಮೇಲೆ ಹಳದಿ ಎಲೆಗಳ ಸಾಲು, ಹಣೆಗೆ ಕೆಂಪು ಮಣ್ಣು, ಕಿವಿಯ ಹತ್ತಿರ ಹೂ. ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅವಳು ಕೂತಿದ್ದಳು.

"ಅತ್ತೆ, ಮಂಗ ಸತ್ತೋಯ್ದು. ಆನು ಹೂ ಹಾಕ್ದಿ."

ಹೋದ ವರ್ಷ ಕರೆಂಟ್ ತಂತಿ ತಾಗಿ ಸತ್ತ ಮಂಗನಿಗೆ ಊರವರೆಲ್ಲ ಸೇರಿ ಸ್ನಾನ ಮಾಡಿಸಿ, ಕುಂಕುಮ ಹಚ್ಚಿ, ಹೂ ಹಾಕಿ ಮಣ್ಣು ಮಾಡಿದ್ದರು. ಹನುಮಂತನಲ್ಲವೇ. ಇವಳು ನನ್ನ ಬೆರಳು ಹಿಡಿದು ಎಲ್ಲವನ್ನೂ ನೋಡಿದ್ದಳು. ಈಗ ನಾನು ಯಾರನ್ನು ಬೈಯಲಿ? ಅವಳನ್ನು ರಟ್ಟೆ ಹಿಡಿದು ಎಳೆದುಕೊಂಡೆ. ಉಳಿದ ಮಕ್ಕಳನ್ನೂ ಕರೆದುಕೊಂಡು ಬೆಟ್ಟ ಇಳಿದೆ.

ಮನೆಯಲ್ಲಿ ಬಟ್ಟೆಗಳನ್ನು ಕುದಿಯುವ ನೀರಿಗೆ ಹಾಕಿದೆವು. ಬಚ್ಚಲಲ್ಲಿ ತಮ್ಮನ ಹೆಂಡತಿ ಮಗುವಿನ ಮೈಯನ್ನು ಇಂಚಿಂಚೂ ಹುಡುಕಿದಳು. ಕಿವಿಯ ಹಿಂದೆ ಒಂದು ಉಣುಗು ಕಚ್ಚಿಕೊಂಡಿತ್ತು. ಅದನ್ನು ಕಿತ್ತಳು. ನನ್ನನ್ನು ಬೈದುಬಿಟ್ಟಿದ್ದರೆ ಒಳ್ಳೆಯದಿತ್ತು. ಮಗುವಿಗೆ ಮಾತ್ರ, ಜ್ವರ ಬಂದರೆ ಇನ್ನು ಅತ್ತೆಯ ಜೊತೆ ಬೆಟ್ಟಕ್ಕೆ ಕಳಿಸುವುದೇ ಇಲ್ಲ ಎಂದಳು. ಹೆದರಿದ ತಾಯಿ ಇನ್ನೇನು ಹೇಳಿಯಾಳು.

ಉಳಿದ ಮಕ್ಕಳ ಮೈಯಲ್ಲಿ ಏನೂ ಸಿಗಲಿಲ್ಲ. ಆರೋಗ್ಯ ಇಲಾಖೆಯವರು ಬಂದು ಮಂಗನನ್ನು ಸುಟ್ಟರು, ಜ್ವರ ಬಂದರೆ ತಡ ಮಾಡದೆ ಆಸ್ಪತ್ರೆಗೆ ತನ್ನಿ ಎಂದು ಹೇಳಿ ಹೋದರು. ಆಮೇಲೆ ನಮ್ಮ ಮನೆಯಲ್ಲಿ ಅವಳ ಹಣೆ ಮುಟ್ಟುವುದೊಂದೇ ಕೆಲಸ. ಅವಳೋ ಕುಣಿಯುತ್ತಲೇ ಇದ್ದಳು, ಯಾರು ಕೇಳಿದರೂ ಎಂತದೂ ಇಲ್ಲೆ ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ಜಗಲಿಯಲ್ಲಿ ಕೂತಿದ್ದ ನನ್ನ ಮಡಿಲಿಗೆ ಸುಮ್ಮನೆ ಬಂದು ಒರಗಿದಳು. ಮಾತಿಲ್ಲ, ಆಟವಿಲ್ಲ.

"ಅತ್ತೆ, ಯಂಗೆ ಚಳಿ ಆಗ್ತಾ ಇದ್ದು. ಆಯಿಗೆ ಹೇಳಡ."

ಅವಳನ್ನು ಎತ್ತಿಕೊಂಡು ಒಳಗೆ ಓಡುತ್ತ ಅವಳ ತಾಯಿಯನ್ನು ಕೂಗಿದೆ. ಕೂಗಬಾರದೆಂದು ಅವಳು ನನ್ನ ಬಾಯಿಗೆ ಕೈ ಒತ್ತಿ ಹಿಡಿದಳು. ಆ ಪುಟ್ಟ ಅಂಗೈ ಸುಡುತ್ತಿತ್ತು.