ಕೋಳಿಗೆಂದು ಒಯ್ದ ಹಿಟ್ಟು

ಆ ಬೀದಿಯಲ್ಲಿ ಟೈಲರಮ್ಮ ಎಂದರೆ ಮರ್ಯಾದೆಯ ಹೆಂಗಸು. ಗಂಡ ಗಾರೆ ಕೆಲಸದವನು. ಕಟ್ಟಡದ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದ. ಹೆಣ್ಣುಮಕ್ಕಳು ಇಬ್ಬರು. ನಾಲ್ಕು ಹೊಟ್ಟೆಯೂ ಅವಳ ಹೊಲಿಗೆ ಮೆಷಿನ್ನನ್ನೇ ನಂಬಿಕೊಂಡಿದ್ದವು. ರೆಡಿಮೇಡ್ ಬಟ್ಟೆ ಸಂತೆಗೆ ಬಂದ ಮೇಲೆ ಹೊಸದು ಹೊಲಿಸುವವರು ಹೋಗಿ, ಹರಿದದ್ದಕ್ಕೆ ತೇಪೆ ಹಾಕಿಸುವವರು ಮಾತ್ರ ಉಳಿದರು. ಆದರೂ ಅವಳ ಮಕ್ಕಳ ಅಂಗಿಯಲ್ಲಿ ಒಂದು ಗುಂಡಿ ಕಿತ್ತುಹೋಗಿದ್ದನ್ನು ಯಾರೂ ಕಂಡವರಲ್ಲ. ಊಟದ ಹೊತ್ತು ಮುಗಿಯುತ್ತಲೇ ಒದ್ದೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, "ಏನು, ಊಟ ಆಯ್ತಾ?" ಎಂದು ತಾನೇ ಎದುರುಮನೆಯವರನ್ನು ಮಾತಾಡಿಸುತ್ತಿದ್ದಳು. ಒಳಗೆ ತೊಳೆದು ಬಂದದ್ದು ಬರೀ ಕೈ ಎಂದು ಯಾರಿಗೆ ಗೊತ್ತು?

ಗಿರಣಿ ಅಕ್ಕನಿಗೆ ಗೊತ್ತಿತ್ತು. ಗಂಡ ಸತ್ತ ಮೇಲೆ ಹಿಟ್ಟಿನ ಗಿರಣಿಯನ್ನು ಒಬ್ಬಳೇ ನಡೆಸುತ್ತಿದ್ದ ಹೆಂಗಸು ಅವಳು. ಹುಬ್ಬು, ರೆಪ್ಪೆ ಎಲ್ಲ ಹಿಟ್ಟು ಹತ್ತಿ ಸದಾ ಬೆಳ್ಳಗೆ. ಮೆಷಿನ್ನಿನ ಸದ್ದಿಗೆ ಪೈಪೋಟಿ ಕೊಟ್ಟು ಕೊಟ್ಟು ಗಂಟಲು ಎಷ್ಟು ದೊಡ್ಡದಾಗಿತ್ತೆಂದರೆ, ಅವಳು ಗುಟ್ಟು ಹೇಳಿದರೂ ಪಕ್ಕದ ಬೀದಿಗೆ ಕೇಳುತ್ತಿತ್ತು.

ಒಂದು ದಿನ ಟೈಲರಮ್ಮ ಗಿರಣಿಯ ಬಾಗಿಲಲ್ಲಿ ನಿಂತು, "ಅಕ್ಕಾ, ಕೆಳಗೆ ಬಿದ್ದ ಹಿಟ್ಟನ್ನ ಗುಡಿಸಿ ಎಸೀತೀಯಲ್ಲ, ನನಗೆ ಕೊಡು. ಕೋಳಿಗೆ ಹಾಕ್ತೀನಿ," ಎಂದಳು.

ಟೈಲರಮ್ಮನ ಮನೆಯಲ್ಲಿ ಕೋಳಿಯ ಪುಕ್ಕವೂ ಇರಲಿಲ್ಲ. ಗಿರಣಿ ಅಕ್ಕ ಒಂದು ಗಳಿಗೆ ಅವಳ ಮುಖ ನೋಡಿ, "ತಗೊಂಡು ಹೋಗು. ಪಾಪ, ಹಸಿದಿರ್ತವೆ," ಎಂದಳು. ಮಾರನೆಯ ದಿನದಿಂದ ಮೆಷಿನ್ನಿನ ಕೆಳಗೆ ತೊಳೆದ ಗೋಣಿಚೀಲ ಹಾಸತೊಡಗಿದಳು. ಹಿಟ್ಟೂ ಮೊದಲಿಗಿಂತ ಹೆಚ್ಚೇ ಚೆಲ್ಲತೊಡಗಿತು.

"ಕೋಳಿ ಹೇಗಿದ್ದಾವೆ?" ಎಂದು ಆಗಾಗ ಕೇಳುವಳು.

"ಚೆನ್ನಾಗಿದ್ದಾವೆ ಅಕ್ಕಾ. ದೊಡ್ಡದಕ್ಕೆ ಸ್ವಲ್ಪ ಕೆಮ್ಮು."

"ಬಿಸಿನೀರು ಕುಡಿಸು. ತಣ್ಣೀರು ಮುಟ್ಟಿಸಬೇಡ."

ಇಬ್ಬರೂ ನಗುತ್ತಿರಲಿಲ್ಲ. ವರ್ಷಗಟ್ಟಲೆ ಈ ಮಾತು ಹೀಗೇ ನಡೆಯಿತು.

ಆಮೇಲೆ ಊರಿಗೆ ಒಂದು ಕಾರ್ಯಕ್ರಮ ಬಂತು. ಬಡತನವನ್ನು ಊರಿನವರೇ ಗುರುತಿಸಬೇಕು, ಊರಿನವರೇ ನೀಗಿಸಿಕೊಳ್ಳಬೇಕು, ಹೊರಗಿನವರು ಬೆನ್ನಿಗೆ ನಿಂತರೆ ಸಾಕು ಎಂದು ಅದನ್ನು ತಂದ ಹುಡುಗಿ ವಿವರಿಸಿದಳು. ಒಳ್ಳೆಯ ಹುಡುಗಿ, ಯಾರು ಏನು ಕೊಟ್ಟರೂ ಕುಡಿಯುತ್ತಿದ್ದಳು, ನೆಲದ ಮೇಲೇ ಕೂರುತ್ತಿದ್ದಳು. ಶಾಲೆಯ ಅಂಗಳದಲ್ಲಿ ಸೀಮೆಸುಣ್ಣದಿಂದ ಮೂರು ವೃತ್ತ ಎಳೆದಳು. ಒಂದು ಉಳ್ಳವರಿಗೆ, ಒಂದು ಹೇಗೋ ನಡೆಯುತ್ತದೆ ಎನ್ನುವವರಿಗೆ, ಒಂದು ಏನೂ ಇಲ್ಲದವರಿಗೆ. ಮನೆಗೊಂದು ಕಲ್ಲು. ಯಾರ ಕಲ್ಲು ಎಲ್ಲಿ ಎಂದು ಎಲ್ಲರೂ ಸೇರಿ ಹೇಳಬೇಕು. ಏನೂ ಇಲ್ಲದವರ ಸಂಘ ಮಾಡಿ, ಅವರಿಗೆ ದುಡಿಮೆಯ ದಾರಿ ಹುಡುಕುವುದು.

ಟೈಲರಮ್ಮನ ಕಲ್ಲು ಬಂದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. "ಮೆಷಿನ್ ಇದೆ, ಮಕ್ಕಳು ಟಿಪ್‌ಟಾಪಾಗಿ ಓಡಾಡ್ತವೆ. ನಡೆಯುತ್ತೆ ಬಿಡಿ," ಎಂದು ನಡುವಿನ ವೃತ್ತದಲ್ಲಿಟ್ಟರು. ಅವಳೂ ತಲೆಯಾಡಿಸಿದಳು. ಅಷ್ಟರಲ್ಲಿ ಗಿರಣಿ ಅಕ್ಕ ಎದ್ದು ನಿಂತಳು.

"ಏನು ನಡೆಯುತ್ತೆ? ನನ್ನ ಗಿರಣಿಯ ನೆಲ ಗುಡಿಸಿದ ಹಿಟ್ಟಲ್ಲಿ ಅವಳ ಮನೆ ನಡೀತಿದೆ! ಕೋಳಿಗೆ ಅಂತ ಒಯ್ತಾಳೆ. ಹೋಗಿ ನೋಡಿ, ಒಂದು ಕೋಳಿ ಇದ್ರೆ ನನ್ನ ಕಿವಿ ಕುಯ್ಯಿರಿ. ಮಕ್ಕಳು ಕುಡಿಯೋದು ಅದರದ್ದೇ ಗಂಜಿ."

ಯಾರೋ ಕಲ್ಲನ್ನು ಎತ್ತಿ ಮೂರನೆಯ ವೃತ್ತಕ್ಕೆ ಹಾಕಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಇಬ್ಬರು ಹೆಣ್ಣುಮಕ್ಕಳನ್ನು ಜನ ತಿರುಗಿ ತಿರುಗಿ ನೋಡಿದರು. ಟೈಲರಮ್ಮನಿಗೆ ಮೈಮೇಲಿನ ಬಟ್ಟೆ ಕಿತ್ತುಕೊಂಡ ಹಾಗಾಯಿತು.

ಸಂಘದವರು ಅವಳಿಗೆ ಮೊದಲು ಕೊಟ್ಟದ್ದೇನು? ಕೋಳಿ! "ಈಗ ಹಿಟ್ಟು ನಿಜವಾಗಿ ಕೋಳಿಗೇ ಬೇಕು ನೋಡು," ಎಂದು ಬೀದಿ ಬಹಳ ದಿನ ನಕ್ಕಿತು. ದೊಡ್ಡ ಮಗಳು ಶಾಲೆಗೆ ಹೋಗಲ್ಲ ಎಂದು ಹಟ ಹಿಡಿದಳು. ಟೈಲರಮ್ಮ ಹಲ್ಲು ಕಚ್ಚಿ ದುಡಿದಳು. ಕೋಳಿ ಹೆಚ್ಚಿದವು, ಮೊಟ್ಟೆ ಪೇಟೆಗೆ ಹೋಯಿತು, ಸಂಘಕ್ಕೆ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವ ಕೆಲಸ ಸಿಕ್ಕಿತು. ಗಂಡ ಕೋಲು ಹಿಡಿದು ಬಾಗಿಲವರೆಗೆ ನಡೆಯುವಂತಾದ. ಅವಳನ್ನೇ ಅಧ್ಯಕ್ಷೆ ಮಾಡಿದರು. ಆದರೆ ಗಿರಣಿ ಅಕ್ಕನ ಜೊತೆ ಒಂದು ಮಾತೂ ಆಡಲಿಲ್ಲ. ಕಾಳು ಬೀಸಿಸಲು ತಲೆಯ ಮೇಲೆ ಹೊತ್ತು ಪಕ್ಕದೂರಿಗೆ ಹೋಗುತ್ತಿದ್ದಳು.

ಸಂಘದ ಕೈ ಬಲವಾದ ಮೇಲೆ, ಎಲ್ಲರೂ ಸೇರಿ ಏನಾದರೂ ದೊಡ್ಡದು ಮಾಡೋಣ ಎಂಬ ಮಾತು ಬಂತು. ಹೊಸ ಮಾದರಿಯ ಗಿರಣಿ ಹಾಕೋಣ, ಕಾಳು ಹಸನು ಮಾಡುವ ಯಂತ್ರವೂ ಇರಲಿ ಎಂದರು ಹೆಂಗಸರು.

"ಊರಲ್ಲಿ ಒಂದಿದೆಯಲ್ಲ," ಎಂದಳು ಟೈಲರಮ್ಮ, ತನಗೇ ಕೇಳುವಷ್ಟು. ಆಮೇಲೆ ಎಲ್ಲರ ಜೊತೆ ಕೈ ಎತ್ತಿದಳು.

ಸಂಘದ ಗಿರಣಿಯಲ್ಲಿ ಬೀಸುವ ದರ ಕಡಿಮೆ, ಹಿಟ್ಟು ನಯ. ಹಳೆಯ ಗಿರಣಿಯ ಸದ್ದು ಮೊದಮೊದಲು ಬೆಳಗಿನ ಹೊತ್ತಷ್ಟೇ ಕೇಳುತ್ತಿತ್ತು. ಆಮೇಲೆ ಅದೂ ಇಲ್ಲ. ಗಿರಣಿ ಅಕ್ಕ ಮಾತ್ರ ದಿನಾ ಬಾಗಿಲು ತೆಗೆದು, ಹುಬ್ಬಿಗೆ ಹಿಟ್ಟು ಹತ್ತಿಸಿಕೊಂಡೇ ಕೂರುತ್ತಿದ್ದಳು. ಏನು ಬೀಸಿ ಹತ್ತಿಸಿಕೊಂಡಳೋ!

ಮತ್ತೊಮ್ಮೆ ಕಲ್ಲಿಡುವ ಸಭೆ ಸೇರಿತು. ಈ ಸಲ ಕಲ್ಲುಗಳು ಅಧ್ಯಕ್ಷೆಯ ಮಡಿಲಲ್ಲಿದ್ದವು. ಗಿರಣಿ ಅಕ್ಕನ ಕಲ್ಲು ಕೈಗೆ ಬಂತು. ಟೈಲರಮ್ಮ ಆ ಬಿಳಿ ಹುಬ್ಬುಗಳನ್ನೊಮ್ಮೆ ನೋಡಿದಳು. ಎಲ್ಲ ಅರ್ಥವಾಗಿತ್ತು. ನಿಜ ಹೇಳಿದರೆ ಕಲ್ಲು ಮೂರನೆಯ ವೃತ್ತಕ್ಕೆ ಹೋಗುತ್ತಿತ್ತು, ಒಂದೇ ಮಾತಿನ ಕೆಲಸ. "ಸ್ವಂತ ಗಿರಣಿ ಇದೆ," ಎಂದು ಕಲ್ಲನ್ನು ನಡುವಿನ ವೃತ್ತದಲ್ಲಿಟ್ಟಳು.

"ಹೌದು, ನನ್ನದು ನಡೆಯುತ್ತೆ," ಎಂದಳು ಗಿರಣಿ ಅಕ್ಕ. ಜೀವಮಾನದಲ್ಲಿ ಮೊದಲ ಸಲ ಅವಳ ದನಿ ಸಣ್ಣಗಿತ್ತು.

ಮಳೆಗಾಲ ಬರುವ ಮುಂಚೆ ಅವಳು ಮೆಷಿನ್ನನ್ನು ಗುಜರಿಗೆ ಹಾಕಿ ಊರು ಬಿಟ್ಟಳು. ಟೈಲರಮ್ಮ ಮೊಟ್ಟೆ ಮಾರಲು ಪೇಟೆಗೆ ಹೋದಾಗ, ಬಸ್‌ಸ್ಟ್ಯಾಂಡಿನ ಹೋಟೆಲ್ಲಿನ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದವಳನ್ನು ಕಂಡಳು. ಹುಬ್ಬು ಕಪ್ಪಗಿದ್ದದ್ದರಿಂದ ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ಅಕ್ಕಾ."

"ಓ, ಅಧ್ಯಕ್ಷೆ. ಮಕ್ಕಳು ಹೇಗಿದ್ದಾವೆ?"

"ಚೆನ್ನಾಗಿದ್ದಾವೆ. ಅಕ್ಕಾ, ಆವತ್ತು ಸಭೇಲಿ... ಜನರ ಮುಂದೆ ನಿನ್ನ ಮರ್ಯಾದೆ ಹೋಗಬಾರದು ಅಂತ ನಿನ್ನ ಕಷ್ಟ ಹೇಳದೆ ಸುಮ್ಮನಾದೆ."

ಗಿರಣಿ ಅಕ್ಕ ಕೈಯಲ್ಲಿದ್ದ ಬೋಗುಣಿಯನ್ನು ಕೆಳಗಿಟ್ಟಳು. "ಸುಳ್ಳು ಹೇಳಬೇಡ್ವೇ. ನಿನ್ನ ಮರ್ಯಾದೆ ನಾನು ತೆಗೆದೆ, ನಿಜ. ನಿನ್ನ ಮಕ್ಕಳು ಹೊಟ್ಟೆ ತುಂಬ ಉಂಡವು. ನನ್ನ ಮರ್ಯಾದೆ ನೀನು ಉಳಿಸಿದೆ. ಅದನ್ನ ಇಟ್ಕೊಂಡು ಏನು ಮಾಡಲಿ, ನೆಕ್ಕಲಾ?"

ಒಳಗಿನಿಂದ ಯಜಮಾನ, ಲೋಟ ಬೇಗ ಬರಲಿ ಎಂದು ಕೂಗಿದ. ಅವಳು ಮತ್ತೆ ಪಾತ್ರೆಗೆ ಬಗ್ಗಿದಳು.

ಟೈಲರಮ್ಮ ಬಸ್ಸಿನಲ್ಲಿ ಖಾಲಿ ಬುಟ್ಟಿಯನ್ನು ತಬ್ಬಿಕೊಂಡು ಕೂತಳು. ಮರ್ಯಾದೆಗೆ ಅಂತ ಸುಮ್ಮನಾದೆನೋ, ಸೇಡಿಗೆ ಅಂತಲೋ ಎಂದು ಊರು ಬರುವವರೆಗೂ ತನ್ನನ್ನೇ ಕೇಳಿಕೊಂಡಳು. ಉತ್ತರ ಗೊತ್ತಿತ್ತು, ಅದಕ್ಕೇ ಮತ್ತೆ ಮತ್ತೆ ಕೇಳಿಕೊಂಡಳು. ಮಾರನೆಯ ದಿನ ಸಂಘದ ಸಭೆಯಿತ್ತು. ಹೋದಳು. ಹೋಗದೆ ಏನು ಮಾಡುತ್ತಾಳೆ, ಅಧ್ಯಕ್ಷೆ.